ಕಚೇರಿಯಲ್ಲಿ ವಿದ್ಯುತ್ ಕಾರುಗಳಿಗೆ ಹಂಚಿಕೆಯ ಚಾರ್ಜಿಂಗ್: ಆರಂಭಿಸುವವರಿಗೆ ಮಾರ್ಗದರ್ಶಿ

ಬೆಂಗಳೂರಿನಂಥ ಊರಿನಲ್ಲಿ ಬೆಳಿಗ್ಗೆ ಒಂಬತ್ತೂವರೆಗೆ ಕಚೇರಿಯ ಪಾರ್ಕಿಂಗ್‌ನಲ್ಲಿ ನಿಂತ ಕಾರು ಮತ್ತೆ ಅಲುಗುವುದು ಸಂಜೆ ಆರರ ಮೇಲೆಯೇ. ಈ ಎಂಟು ಗಂಟೆಗಳ ನಿಲುಗಡೆಯೇ ಕಚೇರಿಯ ಚಾರ್ಜಿಂಗ್ ವ್ಯವಸ್ಥೆಯ ನಿಜವಾದ ಬಂಡವಾಳ. ಅದನ್ನು ಮರೆತು, ಪೆಟ್ರೋಲ್ ಬಂಕನ್ನು ಮನಸ್ಸಿನಲ್ಲಿಟ್ಟುಕೊಂಡು, ಅರ್ಧ ಗಂಟೆಯಲ್ಲಿ ಬ್ಯಾಟರಿ ತುಂಬಿಸುವ ಒಂದು ದೊಡ್ಡ ಯಂತ್ರ ತಂದು ನಿಲ್ಲಿಸಲು ಹೊರಡುವ ಸಂಸ್ಥೆಗಳು ಹಣ ಹೆಚ್ಚು ಸುರಿಯುವುದಲ್ಲದೆ, ಆ ಒಂದೇ ಯಂತ್ರದ ಮುಂದೆ ದಿನವಿಡೀ ಸರತಿಯನ್ನೂ ಹುಟ್ಟಿಸುತ್ತವೆ. ಕಚೇರಿಗೆ ಬೇಕಾದದ್ದು ನಿಧಾನವಾಗಿ ಚಾರ್ಜ್ ಮಾಡುವ, ಸಂಖ್ಯೆಯಲ್ಲಿ ಹೆಚ್ಚಿರುವ ಪಾಯಿಂಟುಗಳು ಮತ್ತು ಅವನ್ನು ಹಂಚಿಕೊಳ್ಳಲು ಎಲ್ಲರೂ ಒಪ್ಪಿದ ನಾಲ್ಕಾರು ನಿಯಮಗಳು. ನೂರರಿಂದ ಐನೂರು ಜನ ಕೆಲಸ ಮಾಡುವ ಕಚೇರಿಯೊಂದನ್ನು ಕಣ್ಣೆದುರು ಇಟ್ಟುಕೊಂಡು, ಈ ವ್ಯವಸ್ಥೆಯನ್ನು ಹೇಗೆ ಕಟ್ಟಬೇಕೆಂಬುದನ್ನು ಮಾಡಬೇಕಾದ ಕ್ರಮದಲ್ಲಿಯೇ ಇಲ್ಲಿ ವಿವರಿಸಿದ್ದೇನೆ.

ಮೊದಲ ಹೆಜ್ಜೆ: ಕಿಲೋಮೀಟರುಗಳ ಲೆಕ್ಕ

ಎಷ್ಟು ಜನರ ಬಳಿ ವಿದ್ಯುತ್ ಕಾರು ಇದೆ ಎಂದು ಎಣಿಸಿದರೆ ಸಾಲದು. ಅವರು ದಿನಕ್ಕೆ ಎಷ್ಟು ದೂರ ಓಡಿಸುತ್ತಾರೆ ಎಂಬುದನ್ನು ತಿಳಿಯಬೇಕು. ನಗರದ ಸಂಚಾರದಲ್ಲಿ ಸಾಧಾರಣ ಗಾತ್ರದ ವಿದ್ಯುತ್ ಕಾರು ಒಂದು ಯೂನಿಟ್ ವಿದ್ಯುತ್ತಿಗೆ ಆರರಿಂದ ಎಂಟು ಕಿಲೋಮೀಟರ್ ಓಡುತ್ತದೆ. ಕೆಂಗೇರಿಯಿಂದ ವೈಟ್‌ಫೀಲ್ಡ್‌ಗೆ ಬಂದು ಹೋಗುವವರು ದಿನಕ್ಕೆ ಸುಮಾರು 70 ಕಿಲೋಮೀಟರ್ ಓಡಿಸುತ್ತಾರೆ ಎಂದುಕೊಂಡರೂ ಅವರಿಗೆ ಬೇಕಾಗುವುದು ಹೆಚ್ಚೆಂದರೆ 12 ಯೂನಿಟ್. ಜಯನಗರದಿಂದ ಕೋರಮಂಗಲಕ್ಕೆ ಬರುವವರಿಗೆ ಎರಡು ಮೂರು ಯೂನಿಟ್ ಸಾಕು. 3.3 ಕಿಲೋವ್ಯಾಟ್‌ನ ಸಾಧಾರಣ ಪಾಯಿಂಟ್ ಒಂದು ಗಂಟೆಗೆ 3.3 ಯೂನಿಟ್ ಕೊಡುತ್ತದೆ. ಅಂದರೆ ಮೊದಲಿನವರ ಇಡೀ ದಿನದ ಅಗತ್ಯ ನಾಲ್ಕು ಗಂಟೆಯೊಳಗೆ ಮುಗಿಯುತ್ತದೆ, ಎರಡನೆಯವರದು ಒಂದು ಗಂಟೆಯೊಳಗೆ. ಈ ಲೆಕ್ಕವನ್ನು ಆಡಳಿತ ಮಂಡಳಿಯ ಮುಂದೆ ಮೊದಲೇ ಇಟ್ಟರೆ ಮುಂದಿನ ಅರ್ಧ ಚರ್ಚೆ ತಾನಾಗಿಯೇ ಹಗುರವಾಗುತ್ತದೆ.

ಆದ್ದರಿಂದ ನೌಕರರಿಗೆ ಒಂದು ಚಿಕ್ಕ ಪ್ರಶ್ನಾವಳಿ ಕಳುಹಿಸಿ. ಮನೆಯಿಂದ ಕಚೇರಿಗೆ ದೂರವೆಷ್ಟು, ವಾರದಲ್ಲಿ ಎಷ್ಟು ದಿನ ಕಚೇರಿಗೆ ಬರುತ್ತೀರಿ, ಕಾರು ಯಾವುದು, ಮುಂದಿನ ಒಂದೆರಡು ವರ್ಷದಲ್ಲಿ ವಿದ್ಯುತ್ ಕಾರು ಕೊಳ್ಳುವ ಯೋಚನೆ ಇದೆಯೇ ಎಂದು ಕೇಳಿ. ಇವೆಲ್ಲಕ್ಕಿಂತ ಮುಖ್ಯವಾಗಿ, ಮನೆಯಲ್ಲಿ ಚಾರ್ಜ್ ಮಾಡಿಕೊಳ್ಳುವ ಅನುಕೂಲ ಇದೆಯೇ ಎಂದು ಕೇಳಿ. ಬಾಡಿಗೆ ಮನೆಯಲ್ಲಿದ್ದು ಮಾಲೀಕರು ಒಪ್ಪದವರು, ಅಪಾರ್ಟ್‌ಮೆಂಟ್ ಸಂಘದ ಅನುಮತಿಗಾಗಿ ತಿಂಗಳುಗಟ್ಟಲೆ ಕಾಯುತ್ತಿರುವವರು, ಬೀದಿಯಲ್ಲಿ ಕಾರು ನಿಲ್ಲಿಸುವವರು ನಮ್ಮ ನಗರಗಳಲ್ಲಿ ಬಹಳ ಮಂದಿ ಇದ್ದಾರೆ. ಮನೆಯಲ್ಲಿ ಸ್ವಂತ ಮೀಟರಿನಿಂದ ರಾತ್ರಿ ಚಾರ್ಜ್ ಮಾಡುವವರಿಗೆ ಕಚೇರಿಯ ಪಾಯಿಂಟ್ ಒಂದು ಅನುಕೂಲ ಮಾತ್ರ. ಮನೆಯಲ್ಲಿ ಆ ಅನುಕೂಲ ಇಲ್ಲದವರಿಗೆ ಅದು ವಿದ್ಯುತ್ ಕಾರು ಕೊಳ್ಳಲು ಸಾಧ್ಯವೇ ಇಲ್ಲವೇ ಎಂಬುದನ್ನು ನಿರ್ಧರಿಸುವ ಸಂಗತಿ. ಮುಂದೆ ಪಾಳಿಯ ನಿಯಮ ಮಾಡುವಾಗ ಈ ಉತ್ತರವೇ ಆಧಾರವಾಗಬೇಕು.

ಎರಡನೆಯ ಹೆಜ್ಜೆ: ಕಟ್ಟಡದಲ್ಲಿ ಉಳಿದಿರುವ ಶಕ್ತಿ ಎಷ್ಟು

ಕಳೆದ ಹನ್ನೆರಡು ತಿಂಗಳ ವಿದ್ಯುತ್ ಬಿಲ್ಲುಗಳನ್ನು ಎದುರಿಗಿಟ್ಟುಕೊಂಡು ಎರಡು ಅಂಕಿಗಳನ್ನು ನೋಡಿ: ಮಂಜೂರಾದ ಲೋಡ್ ಅಥವಾ ಒಪ್ಪಂದದ ಬೇಡಿಕೆ (ಏಕಕಾಲಕ್ಕೆ ಎಳೆಯಲು ಕಟ್ಟಡಕ್ಕೆ ಅನುಮತಿ ಇರುವ ಶಕ್ತಿ) ಎಷ್ಟು, ಆಯಾ ತಿಂಗಳಲ್ಲಿ ದಾಖಲಾದ ಗರಿಷ್ಠ ಬೇಡಿಕೆ ಎಷ್ಟು. ಏಪ್ರಿಲ್, ಮೇ ತಿಂಗಳ ಬಿಲ್ಲುಗಳನ್ನು ವಿಶೇಷವಾಗಿ ಗಮನಿಸಿ, ಏಕೆಂದರೆ ಎಸಿಗಳು ಎಡೆಬಿಡದೆ ಓಡುವ ಆ ಮಧ್ಯಾಹ್ನಗಳೇ ಕಾರುಗಳು ಚಾರ್ಜಿಗೆ ನಿಲ್ಲುವ ಹೊತ್ತೂ ಆಗಿರುತ್ತವೆ. ಎರಡರ ನಡುವಿನ ಅಂತರವೇ ನಿಮ್ಮ ಕೈಯಲ್ಲಿರುವ ಶಕ್ತಿ. ಒಪ್ಪಂದದ ಬೇಡಿಕೆಯನ್ನು ಮೀರಿದರೆ ದಂಡದ ದರ ತೆರಬೇಕಾಗುತ್ತದೆ. ಬೇಡಿಕೆಯನ್ನು ಹೆಚ್ಚಿಸಿಕೊಂಡರೆ ಪ್ರತಿ ತಿಂಗಳ ಬೇಡಿಕೆ ಶುಲ್ಕವೂ ಏರುತ್ತದೆ. ಹಾಗಾಗಿ ಇರುವ ಅಂತರದಲ್ಲಿಯೇ ಕೆಲಸ ಸಾಗಿಸಲು ಸಾಧ್ಯವೇ ಎಂದು ಮೊದಲು ನೋಡುವುದು ಜಾಣತನ.

ಸಾಧ್ಯವಾಗಿಸುವ ಉಪಾಯವೂ ಇದೆ. ಇದನ್ನು ಲೋಡ್ ನಿರ್ವಹಣೆ ಎನ್ನುತ್ತಾರೆ. ಉದಾಹರಣೆಗೆ ನಿಮ್ಮ ಬಳಿ 22 ಕಿಲೋವ್ಯಾಟ್ ಮಿಗುತ್ತದೆ ಎಂದುಕೊಳ್ಳಿ. 7.4 ಕಿಲೋವ್ಯಾಟ್‌ನ ಪಾಯಿಂಟುಗಳನ್ನು ಸಾಧಾರಣ ರೀತಿಯಲ್ಲಿ ಹಾಕಿದರೆ ಮೂರಕ್ಕಿಂತ ಹೆಚ್ಚು ಹಾಕಲಾಗದು. ಆದರೆ ಚಾರ್ಜರ್‌ಗಳು ಒಂದಕ್ಕೊಂದು ಮಾತಾಡಿಕೊಂಡು ಇರುವ ಶಕ್ತಿಯನ್ನು ಹಂಚಿಕೊಳ್ಳುವಂತೆ ಮಾಡಿದರೆ ಆರು ಪಾಯಿಂಟುಗಳನ್ನು ಹಾಕಬಹುದು. ಆರೂ ಕಾರುಗಳು ಒಟ್ಟಿಗೆ ನಿಂತಾಗ ಪ್ರತಿಯೊಂದಕ್ಕೂ 3.6 ಕಿಲೋವ್ಯಾಟ್‌ನಷ್ಟು ಸಿಗುತ್ತದೆ; ಎಂಟು ಗಂಟೆಯಲ್ಲಿ ಅದು 29 ಯೂನಿಟ್, ಅಂದರೆ 170 ಕಿಲೋಮೀಟರಿಗೂ ಹೆಚ್ಚಿನ ಓಟ. ಎರಡು ಕಾರುಗಳ ಚಾರ್ಜಿಂಗ್ ಮುಗಿದೊಡನೆ ಅವುಗಳ ಪಾಲು ಉಳಿದವಕ್ಕೆ ಹೋಗುತ್ತದೆ. ಇಲ್ಲಿ ಒಂದು ಮಿತಿ ಇದೆ: ಒಂದು ಕಾರಿಗೆ ಕೊಡುವ ಪ್ರವಾಹ 6 ಆಂಪಿಯರ್‌ಗಿಂತ ಕೆಳಗಿಳಿಯುವಂತಿಲ್ಲ, ಇಳಿದರೆ ಚಾರ್ಜಿಂಗ್ ನಿಂತುಹೋಗುತ್ತದೆ. ಆದ್ದರಿಂದ 32 ಆಂಪಿಯರ್‌ನ ಒಂದು ಸಿಂಗಲ್ ಫೇಸ್ ಲೈನನ್ನು ಏಕಕಾಲಕ್ಕೆ ಐದಕ್ಕಿಂತ ಹೆಚ್ಚು ಕಾರುಗಳ ನಡುವೆ ಹಂಚಲಾಗದು. ನಮ್ಮಲ್ಲಿನ ಬಹುತೇಕ ಕಾರುಗಳು ಎಸಿ (ಗೋಡೆಯ ಸಾಕೆಟ್ಟಿನಲ್ಲಿ ಬರುವ ಪರ್ಯಾಯ ವಿದ್ಯುತ್) ಚಾರ್ಜಿಂಗ್‌ನಲ್ಲಿ ಒಂದೇ ಫೇಸ್ ಬಳಸುವುದರಿಂದ, ಪಾಯಿಂಟುಗಳನ್ನು ಆರ್, ವೈ, ಬಿ ಎಂಬ ಮೂರು ಫೇಸುಗಳಿಗೆ ಸಮನಾಗಿ ಹಂಚುವಂತೆ ಗುತ್ತಿಗೆದಾರರಿಗೆ ಲಿಖಿತವಾಗಿಯೇ ತಿಳಿಸಿ.

ವಿದ್ಯುತ್ ಹೋದಾಗ ಏನಾಗಬೇಕು ಎಂಬುದನ್ನು ಈ ಹಂತದಲ್ಲಿಯೇ ತೀರ್ಮಾನಿಸಬೇಕು. ಡೀಸೆಲ್ ಜನರೇಟರ್ ಚಾಲೂ ಆದೊಡನೆ ಚಾರ್ಜರ್‌ಗಳ ಸಂಪರ್ಕ ತಾನಾಗಿ ಕಡಿಯುವಂತಿರಬೇಕು. ಇಲ್ಲವಾದರೆ ಲಿಫ್ಟು, ಸರ್ವರ್‌ಗಳಿಗೆಂದು ಲೆಕ್ಕ ಹಾಕಿದ ಜನರೇಟರ್ ಮೇಲೆ ಕಾರುಗಳ ಭಾರವೂ ಬೀಳುತ್ತದೆ, ಅತಿ ದುಬಾರಿಯಾದ ಹೊಗೆಯ ವಿದ್ಯುತ್ತಿನಿಂದ ಕಾರು ತುಂಬಿಸಿದಂತೆಯೂ ಆಗುತ್ತದೆ.

ಮೂರನೆಯ ಹೆಜ್ಜೆ: ಯಾವ ಯಂತ್ರ

2001ರಲ್ಲಿ ಬೆಂಗಳೂರಿನ ರೇವಾ ಕಾರು ರಸ್ತೆಗಿಳಿದಾಗ ಅದನ್ನು ಕೊಂಡವರು ಮನೆಯ 15 ಆಂಪಿಯರ್ ಸಾಕೆಟ್ಟಿಗೇ ಚುಚ್ಚಿ ಚಾರ್ಜ್ ಮಾಡುತ್ತಿದ್ದರು. ಆ ರೂಢಿ ಇಂದಿಗೂ ಉಳಿದಿದೆ, ಕಾವಲುಗಾರರ ಕೋಣೆಯ ಸಾಕೆಟ್ಟಿನಿಂದ ಎಕ್ಸ್‌ಟೆನ್ಷನ್ ವೈರ್ ಎಳೆದು ಕಾರಿಗೆ ಸಿಕ್ಕಿಸುವುದನ್ನು ನಾನು ಕಂಡಿದ್ದೇನೆ. ಗಂಟೆಗಟ್ಟಲೆ ನಿರಂತರವಾಗಿ ಹೆಚ್ಚು ಪ್ರವಾಹ ಹರಿಯುವಾಗ ಸಾಧಾರಣ ಪ್ಲಗ್ಗಿನ ಸಡಿಲ ಪಿನ್ನು ಕಾದು ಕರಗುತ್ತದೆ. ಕಚೇರಿಯಲ್ಲಿ ಇದನ್ನು ಯಾವ ಕಾರಣಕ್ಕೂ ಬಿಡಬಾರದು.

ಕಾರುಗಳಿಗೆ ಟೈಪ್ 2 ಗನ್ (ಕಾರಿಗೆ ಸಿಕ್ಕಿಸುವ ಪ್ಲಗ್) ಇರುವ, ಐಎಸ್ 17017 ಎಂಬ ಭಾರತೀಯ ಮಾನದಂಡಕ್ಕೆ ಒಳಪಟ್ಟ ಗೋಡೆಯ ಎಸಿ ಚಾರ್ಜರ್ ಸಾಕು. ಇಲ್ಲಿ ಒಂದು ವಿಷಯವನ್ನು ಮಾರಾಟಗಾರರು ತಾವಾಗಿ ಹೇಳುವುದಿಲ್ಲ. ಎಸಿ ಚಾರ್ಜಿಂಗ್‌ನಲ್ಲಿ ಬ್ಯಾಟರಿಗೆ ಎಷ್ಟು ವೇಗದಲ್ಲಿ ವಿದ್ಯುತ್ ಹೋಗುತ್ತದೆ ಎಂಬುದನ್ನು ನಿರ್ಧರಿಸುವುದು ಕಾರಿನೊಳಗೇ ಇರುವ ಚಾರ್ಜರ್. 2020ರಲ್ಲಿ ಬಂದ ಮೊದಲ ನೆಕ್ಸಾನ್ ಇವಿಯಂಥ ಕಾರು 3.3 ಕಿಲೋವ್ಯಾಟ್ ಮಾತ್ರ ಎಳೆಯಬಲ್ಲದು. ಅದನ್ನು 22 ಕಿಲೋವ್ಯಾಟ್ ಪಾಯಿಂಟಿಗೆ ಸಿಕ್ಕಿಸಿದರೂ ಅಷ್ಟೇ. ನಂತರದ ಹಲವು ಕಾರುಗಳು 7.2 ಕಿಲೋವ್ಯಾಟ್‌ವರೆಗೆ ತೆಗೆದುಕೊಳ್ಳುತ್ತವೆ. ಹಾಗಾಗಿ ನೌಕರರ ಕಾರುಗಳಿಗೆ 7.4 ಕಿಲೋವ್ಯಾಟ್‌ಗಿಂತ ದೊಡ್ಡ ಎಸಿ ಯಂತ್ರಕ್ಕೆ ಹಣ ಹಾಕುವ ಅಗತ್ಯವನ್ನು ನಾನು ಕಾಣೆ. ಸಿಸಿಎಸ್ 2 ಎಂಬ ಬಗೆಯ ಗನ್ನಿನ, ಬ್ಯಾಟರಿಗೆ ನೇರವಾಗಿ ಡಿಸಿ (ಏಕಮುಖ) ವಿದ್ಯುತ್ ಕೊಡುವ ವೇಗದ ಚಾರ್ಜರ್ ಬೇಕಾಗುವುದು ನೌಕರರನ್ನು ಕರೆತರುವ ವಿದ್ಯುತ್ ಕ್ಯಾಬುಗಳು ಇದ್ದಾಗ. ಅವು ಪಾಳಿಯ ನಡುವಿನ ಬಿಡುವಿನಲ್ಲಿ ತುಂಬಿಕೊಂಡು ಹೊರಡಬೇಕಾದ್ದರಿಂದ ಅವುಗಳ ವ್ಯವಸ್ಥೆಯನ್ನೂ ಜಾಗವನ್ನೂ ಬೇರೆಯಾಗಿಯೇ ಇಡಬೇಕು.

ಯಂತ್ರ ಓಸಿಪಿಪಿ ಎಂಬ ಮುಕ್ತ ಸಂವಹನ ಮಾನದಂಡವನ್ನು ಬೆಂಬಲಿಸಬೇಕೆಂದು ಒತ್ತಾಯಿಸಿ. ಅದಿದ್ದರೆ ನಾಳೆ ನಿರ್ವಹಣೆಯ ಕಂಪನಿ ಬಾಗಿಲು ಹಾಕಿದರೂ ಯಂತ್ರಗಳನ್ನು ಬಿಸಾಡದೆ ಇನ್ನೊಂದು ಸಾಫ್ಟ್‌ವೇರಿಗೆ ಜೋಡಿಸಬಹುದು. ಮೊಬೈಲ್ ಆ್ಯಪ್ ಒಂದನ್ನೇ ನಂಬಿದ ಚಾರ್ಜರ್ ಬೇಡ. ನೆಲಮಾಳಿಗೆಯಲ್ಲಿ ಮೊಬೈಲ್ ಸಿಗ್ನಲ್ ಸಿಗದೆ, ಚಾರ್ಜಿಂಗ್ ಆರಂಭಿಸಲು ಮೇಲಕ್ಕೂ ಕೆಳಕ್ಕೂ ಓಡಾಡುವ ಪಾಡು ಯಾರಿಗೂ ಬರಬಾರದು. ನೌಕರರ ಗುರುತಿನ ಚೀಟಿಯಂತೆಯೇ ತೋರಿಸಿದರೆ ಸಾಕಾಗುವ ಆರ್‌ಎಫ್‌ಐಡಿ ಕಾರ್ಡ್ ವ್ಯವಸ್ಥೆ ಇದಕ್ಕೆ ಒಳ್ಳೆಯ ಪರಿಹಾರ. 2019ರ ಆಗಸ್ಟ್ 1ರಿಂದ ಚಾರ್ಜರ್‌ಗಳ ಮೇಲಿನ ಜಿಎಸ್‌ಟಿ ಶೇ 18ರಿಂದ ಶೇ 5ಕ್ಕೆ ಇಳಿದಿರುವುದರಿಂದ, ಕೊಟೇಶನ್‌ನಲ್ಲಿ ಯಂತ್ರದ ಬೆಲೆಯನ್ನೂ ವೈರಿಂಗ್ ಕೆಲಸದ ಬೆಲೆಯನ್ನೂ ಬೇರೆ ಬೇರೆಯಾಗಿ ಬರೆಸಿಕೊಳ್ಳಿ.

ಸ್ಕೂಟರಿನಲ್ಲಿ ಬರುವವರನ್ನು ಮರೆಯಬೇಡಿ. ಅವರಿಗಾಗಿ ಪ್ರತ್ಯೇಕ ಎಂಸಿಬಿ (ಪ್ರವಾಹ ಮಿತಿ ಮೀರಿದರೆ ತಾನಾಗಿ ಸಂಪರ್ಕ ಕಡಿಯುವ ಸ್ವಿಚ್) ಇರುವ ನಾಲ್ಕೈದು ಗಟ್ಟಿಯಾದ 16 ಆಂಪಿಯರ್ ಔಟ್‌ಲೆಟ್‌ಗಳನ್ನು ಬೈಕ್ ನಿಲ್ಲಿಸುವ ಕಡೆಯೇ ಕೊಟ್ಟರೆ ಕಡಿಮೆ ಖರ್ಚಿನಲ್ಲಿ ಬಹಳ ಮಂದಿಗೆ ಉಪಕಾರವಾಗುತ್ತದೆ.

ನಾಲ್ಕನೆಯ ಹೆಜ್ಜೆ: ಜಾಗದ ಆಯ್ಕೆ

ಮುಖ್ಯ ವಿದ್ಯುತ್ ಫಲಕಕ್ಕೆ ಹತ್ತಿರವಿದ್ದಷ್ಟೂ ಕೇಬಲ್ಲಿನ ಖರ್ಚು ಇಳಿಯುತ್ತದೆ. ಆದರೆ ಬೆಂಗಳೂರಿನಲ್ಲಿ ಇದೊಂದನ್ನೇ ನೋಡುವಂತಿಲ್ಲ. 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಳ್ಳಂದೂರು, ಹೊರವರ್ತುಲ ರಸ್ತೆಯ ಸುತ್ತಮುತ್ತಲಿನ ನೆಲಮಾಳಿಗೆಗಳಿಗೆ ನೀರು ನುಗ್ಗಿದ್ದನ್ನು ನೆನಪಿಸಿಕೊಂಡು, ಸಾಧ್ಯವಾದರೆ ನೆಲಮಟ್ಟದಲ್ಲಿ ಇಲ್ಲವೇ ಮೊದಲನೆಯ ನೆಲಮಾಳಿಗೆಯಲ್ಲಿ, ಹೊರಗೆ ಹೋಗುವ ದಾರಿಗೆ ಹತ್ತಿರದಲ್ಲಿ ಜಾಗ ಆರಿಸಿ. ಅಗ್ನಿಶಾಮಕದವರು ಸುಲಭವಾಗಿ ತಲುಪುವುದಕ್ಕೂ ಇದು ಒಳ್ಳೆಯದು.

ಇನ್ನೊಂದು ಸಣ್ಣ ಸಂಗತಿ ಇದೆ, ಹಂಚಿಕೆಯ ಇಡೀ ವ್ಯವಸ್ಥೆ ಸರಾಗವಾಗಿ ನಡೆಯುವುದು ಅದರಿಂದಲೇ. ಚಾರ್ಜರನ್ನು ಒಂದು ಕಾರಿನ ತಲೆಯ ನೇರಕ್ಕೆ ಗೋಡೆಗೆ ಹಾಕುವ ಬದಲು, ನಾಲ್ಕು ಕಾರುಗಳು ಮುಖಾಮುಖಿಯಾಗಿ ನಿಲ್ಲುವ ಕಡೆ ನಡುವಿನ ಕಂಬಕ್ಕೆ ಹಾಕಿ. ಕೇಬಲ್ ನಾಲ್ಕೂ ಕಾರುಗಳನ್ನು ಮುಟ್ಟುವಂತಿದ್ದರೆ, ಒಬ್ಬರದು ಮುಗಿದ ಮೇಲೆ ಯಾರೂ ಕಾರು ಸರಿಸಬೇಕಾಗಿಲ್ಲ. ಗನ್ ತೆಗೆದು ಪಕ್ಕದ ಕಾರಿಗೆ ಸಿಕ್ಕಿಸಿದರೆ ಆಯಿತು. ಚಾರ್ಜಿಂಗ್ ಪೋರ್ಟ್ ಒಂದು ಕಾರಿಗೆ ಮುಂದೆ, ಇನ್ನೊಂದಕ್ಕೆ ಪಕ್ಕದಲ್ಲಿ ಇರುವುದರಿಂದ, ಕೇಬಲ್ ಐದು ಮೀಟರಿಗಿಂತ ಚಿಕ್ಕದಾಗಿರದಂತೆ ನೋಡಿಕೊಳ್ಳಿ ಮತ್ತು ಕಂಬ ಆರಿಸುವ ಮುನ್ನ ನಿಮ್ಮ ನೌಕರರ ಕಾರುಗಳನ್ನೇ ತಂದು ನಿಲ್ಲಿಸಿ ಅಳತೆ ಮಾಡಿ. ಇಂದು ನಾಲ್ಕು ಪಾಯಿಂಟ್ ಹಾಕುತ್ತಿದ್ದರೂ ಹನ್ನೆರಡು ಪಾಯಿಂಟುಗಳಿಗೆ ಆಗುವಷ್ಟು ಕೇಬಲ್ ಟ್ರೇ ಮತ್ತು ಪೈಪುಗಳನ್ನು ಈಗಲೇ ಹಾಕಿಸಿಬಿಡಿ, ಮತ್ತೆ ಕಾಂಕ್ರೀಟು ಒಡೆಯುವ ಖರ್ಚು ಉಳಿಯುತ್ತದೆ.

ಐದನೆಯ ಹೆಜ್ಜೆ: ಒಪ್ಪಿಗೆ, ಮೀಟರ್, ದರ

ಕಾರು ಚಾರ್ಜ್ ಮಾಡಿಕೊಡುವುದು ವಿದ್ಯುತ್ ಮಾರಾಟವಲ್ಲ, ಸೇವೆ. ಅದಕ್ಕೆ ಪರವಾನಗಿ ಬೇಕಿಲ್ಲ ಎಂದು ಕೇಂದ್ರ ಇಂಧನ ಸಚಿವಾಲಯ 2018ರ ಏಪ್ರಿಲ್‌ನಲ್ಲಿಯೇ ಸ್ಪಷ್ಟಪಡಿಸಿದೆ. ಕಟ್ಟಡ ಬಾಡಿಗೆಯದಾದರೆ ಮಾಲೀಕರ ಅಥವಾ ಟೆಕ್ ಪಾರ್ಕ್ ನಿರ್ವಹಣೆಯವರ ಲಿಖಿತ ಒಪ್ಪಿಗೆ ಪಡೆಯಿರಿ. ಗುತ್ತಿಗೆ ಮುಗಿದಾಗ ಯಂತ್ರಗಳು ಯಾರಿಗೆ ಸೇರುತ್ತವೆ ಎಂಬುದೂ ಅದರಲ್ಲಿರಲಿ. 2019ರ ಫೆಬ್ರುವರಿಯಲ್ಲಿ ತಿದ್ದುಪಡಿಯಾದ ಕೇಂದ್ರದ ಮಾದರಿ ಕಟ್ಟಡ ಉಪವಿಧಿಗಳು ಪಾರ್ಕಿಂಗ್ ಸಾಮರ್ಥ್ಯದ ಶೇ 20ರಷ್ಟಕ್ಕೆ ಚಾರ್ಜಿಂಗ್ ಸೌಲಭ್ಯ ಇರಬೇಕೆಂದು ಹೇಳುತ್ತವೆ. ಹಿಂಜರಿಯುವ ಮಾಲೀಕರೊಂದಿಗೆ ಮಾತಾಡುವಾಗ ಈ ಅಂಶ ನಿಮ್ಮ ಕೈಯಲ್ಲಿರಲಿ. ವಿದ್ಯುತ್ ವಾಹನಗಳಿಗೆಂದು 2017ರಲ್ಲಿಯೇ ನೀತಿ ರೂಪಿಸಿದ ದೇಶದ ಮೊದಲ ರಾಜ್ಯ ನಮ್ಮದು ಎಂಬುದನ್ನೂ ಅವರಿಗೆ ನೆನಪಿಸಬಹುದು.

ಮೀಟರಿನ ವಿಷಯದಲ್ಲಿ ಎರಡು ದಾರಿಗಳಿವೆ. ಕಟ್ಟಡದ ಈಗಿನ ಆರ್.ಆರ್. ಸಂಖ್ಯೆಯ (ಬಿಲ್ಲಿನಲ್ಲಿರುವ ಸಂಪರ್ಕದ ಸಂಖ್ಯೆ) ಅಡಿಯಲ್ಲಿಯೇ ಸಬ್ ಮೀಟರ್ ಹಾಕಿ ನಡೆಸುವುದು ಒಂದು. ಚಾರ್ಜಿಂಗ್‌ಗೆಂದೇ ಬೆಸ್ಕಾಂನಿಂದ, ಬೇರೆ ಊರಿನಲ್ಲಾದರೆ ಆಯಾ ವಿದ್ಯುತ್ ಸರಬರಾಜು ಕಂಪನಿಯಿಂದ, ಪ್ರತ್ಯೇಕ ಸಂಪರ್ಕ ಪಡೆಯುವುದು ಇನ್ನೊಂದು. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ವಾಹನ ಚಾರ್ಜಿಂಗ್‌ಗೆ ಪ್ರತ್ಯೇಕ ದರ ವರ್ಗವನ್ನೇ ಮಾಡಿರುವುದರಿಂದ, ಆ ವರ್ಷದ ದರಪಟ್ಟಿಯನ್ನು ತೆಗೆದು ನಿಮ್ಮ ವಾಣಿಜ್ಯ ದರದೊಂದಿಗೆ ಹೋಲಿಸಿ. ಮೂರು ನಾಲ್ಕು ಪಾಯಿಂಟುಗಳಿಗೆ ಮೊದಲನೆಯದೇ ಸರಳ. ಹತ್ತಕ್ಕಿಂತ ಹೆಚ್ಚಾದರೆ ಎರಡನೆಯದನ್ನು ಗಂಭೀರವಾಗಿ ಲೆಕ್ಕ ಹಾಕಬೇಕು. ಕೆಲಸವನ್ನು ಪರವಾನಗಿ ಇರುವ ವಿದ್ಯುತ್ ಗುತ್ತಿಗೆದಾರರಿಂದಲೇ ಮಾಡಿಸಿ.

ಕೇಂದ್ರ ಸರ್ಕಾರದ 2024ರ ಮಾರ್ಗಸೂಚಿಗಳು ಬೆಳಿಗ್ಗೆ 9ರಿಂದ ಸಂಜೆ 4ರವರೆಗಿನ ಹೊತ್ತನ್ನು ಸೌರ ಅವಧಿ ಎಂದು ಗುರುತಿಸಿ, ಆಗ ಚಾರ್ಜಿಂಗ್ ದರ ಕಡಿಮೆ ಇರಬೇಕೆನ್ನುತ್ತವೆ. ಪಾವಗಡದಂಥ ಬೃಹತ್ ಸೌರ ಪಾರ್ಕ್ ಇರುವ ನಮ್ಮ ರಾಜ್ಯದಲ್ಲಿ ಹಗಲಿನ ವಿದ್ಯುತ್ತನ್ನು ಹಗಲಿನಲ್ಲಿಯೇ ಬಳಸುವುದಕ್ಕೆ ಕಚೇರಿಗಿಂತ ಸೂಕ್ತವಾದ ಜಾಗ ಬೇರೊಂದಿಲ್ಲ ಎಂಬುದು ನನ್ನ ನಂಬಿಕೆ. ಕಚೇರಿಯ ಚಾವಣಿಯಲ್ಲಿ ಸೌರ ಫಲಕಗಳಿದ್ದರಂತೂ ಕಾರುಗಳ ಚಾರ್ಜಿಂಗ್ ಬಹುಪಾಲು ಆ ಹೊತ್ತಿಗೇ ಬೀಳುವಂತೆ ಲೋಡ್ ನಿರ್ವಹಣೆಯಲ್ಲಿ ಸಮಯ ನಿಗದಿ ಮಾಡಬಹುದು.

ಆರನೆಯ ಹೆಜ್ಜೆ: ಹಣ ಯಾರು ಕೊಡಬೇಕು

ಉಚಿತವಾಗಿ ಕೊಡುವುದು ಉದಾರವಾಗಿ ಕಾಣುತ್ತದೆ, ಆದರೆ ಹಂಚಿಕೆಯನ್ನು ಹಾಳು ಮಾಡುವುದು ಅದೇ. ಉಚಿತವೆಂದಾಗ ಮನೆಯಲ್ಲಿ ಚಾರ್ಜ್ ಮಾಡಬಲ್ಲವರೂ ಕಚೇರಿಯಲ್ಲಿಯೇ ತುಂಬಿಕೊಳ್ಳುತ್ತಾರೆ, ನಿಜವಾಗಿ ಬೇಕಾದವರಿಗೆ ಜಾಗ ಸಿಗುವುದಿಲ್ಲ. ಬಸ್ಸಿನಲ್ಲೋ ಮೆಟ್ರೋದಲ್ಲೋ ಬರುವ ಸಹೋದ್ಯೋಗಿಗೆ ಅನ್ಯಾಯವೆನಿಸಿದರೂ ಅದು ಸಹಜ. ಯೂನಿಟ್‌ಗೆ ಸಂಸ್ಥೆಗೆ ತಗಲುವ ಬೆಲೆಯನ್ನು ವಸೂಲು ಮಾಡಿ, ಯಂತ್ರದ ಖರ್ಚನ್ನು ಸಂಸ್ಥೆಯೇ ಹೊರುವುದು ನನಗೆ ನ್ಯಾಯವಾಗಿ ಕಾಣುತ್ತದೆ. ಹತ್ತು ಕಾರುಗಳು ದಿನಕ್ಕೆ ತಲಾ 6 ಯೂನಿಟ್‌ನಂತೆ ತಿಂಗಳಲ್ಲಿ 22 ದಿನ ಚಾರ್ಜ್ ಮಾಡಿದರೆ 1,320 ಯೂನಿಟ್ ಆಗುತ್ತದೆ. ಯೂನಿಟ್‌ಗೆ 10 ರೂಪಾಯಿ ಎಂದಿಟ್ಟುಕೊಂಡರೂ ಒಬ್ಬೊಬ್ಬರ ಪಾಲಿಗೆ ತಿಂಗಳಿಗೆ 1,320 ರೂಪಾಯಿ. ಇದನ್ನು ಸಂಬಳದಲ್ಲಿ ಹಿಡಿಯುವುದೋ ಆ್ಯಪ್ ಮೂಲಕ ಪಡೆಯುವುದೋ ಎಂಬುದನ್ನೂ ಅದರ ಮೇಲಿನ ತೆರಿಗೆಯನ್ನೂ ಆರಂಭಕ್ಕೆ ಮುನ್ನವೇ ನಿಮ್ಮ ಲೆಕ್ಕಪತ್ರ ವಿಭಾಗದವರೊಡನೆ ಇತ್ಯರ್ಥ ಮಾಡಿಕೊಳ್ಳಿ.

ಏಳನೆಯ ಹೆಜ್ಜೆ: ಹಂಚಿಕೆಯ ನಿಯಮಗಳು

ಯಂತ್ರಗಳನ್ನು ಒಂದು ವಾರದಲ್ಲಿ ಹಾಕಬಹುದು. ಈ ಹೆಜ್ಜೆಗೆ ಒಂದು ತಿಂಗಳಾದರೂ ಕೊಡಿ. ನಿಯಮಗಳನ್ನು ಸೌಲಭ್ಯ ವಿಭಾಗ ಒಂದೇ ಬರೆಯಬಾರದು, ಕಾರು ಬಳಸುವ ಇಬ್ಬರು ಮೂವರು ನೌಕರರನ್ನು ಜೊತೆಗೆ ಕೂರಿಸಿಕೊಳ್ಳಬೇಕು.

ಸರಳವೂ ಗಟ್ಟಿಯೂ ಆದ ಪದ್ಧತಿಯೆಂದರೆ ದಿನವನ್ನು ಎರಡು ಪಾಳಿ ಮಾಡುವುದು. ಬೆಳಿಗ್ಗೆ ಬಂದಾಗಿನಿಂದ ಮಧ್ಯಾಹ್ನ ಒಂದು ಗಂಟೆಯವರೆಗೆ ಮೊದಲ ಪಾಳಿ, ಊಟದ ನಂತರ ಎರಡನೆಯದು. ಊಟಕ್ಕೆ ಏಳುವಾಗ ಹೇಗೂ ಎಲ್ಲರೂ ಕುರ್ಚಿ ಬಿಡುವುದರಿಂದ ಆ ಹೊತ್ತಿಗೆ ಗನ್ ಬದಲಿಸುವುದು ಯಾರಿಗೂ ಹೊರೆಯಾಗದು. ಮೂರೂವರೆ ಗಂಟೆಯ ಪಾಳಿಯಲ್ಲಿ 3.3 ಕಿಲೋವ್ಯಾಟ್‌ನಲ್ಲಿಯೇ 11 ಯೂನಿಟ್‌ಗೂ ಹೆಚ್ಚು ಸಿಗುತ್ತದೆ. ಹೀಗೆ ಪಾಳಿಯ ಪಟ್ಟಿಯಲ್ಲಿರುವ ನಾಲ್ಕು ಪಾಯಿಂಟುಗಳು ದಿನಕ್ಕೆ ಎಂಟು ಕಾರುಗಳಿಗೆ ಆಗುತ್ತವೆ; ದೂರ ಕಡಿಮೆ ಇರುವವರು ವಾರಕ್ಕೆರಡು ಬಾರಿ ಮಾತ್ರ ಬಂದರೆ ಇಪ್ಪತ್ತು ಜನರಿಗೂ ಸಾಲುತ್ತದೆ.

ಆದ್ಯತೆ ಅಗತ್ಯದ ಮೇಲೆ ನಿಲ್ಲಬೇಕು, ಹುದ್ದೆಯ ಮೇಲಲ್ಲ. ಮನೆಯಲ್ಲಿ ಚಾರ್ಜಿಂಗ್ ಇಲ್ಲದವರಿಗೆ ವಾರದ ಪಾಳಿಗಳನ್ನು ಮೊದಲು ಕಾಯ್ದಿರಿಸಲು ಅವಕಾಶ ಕೊಡಿ, ಉಳಿದದ್ದು ಇತರರಿಗೆ. ಮೇಲಧಿಕಾರಿಯ ಹೆಸರು ಬರೆದ ಒಂದೇ ಒಂದು ಪಾಯಿಂಟ್ ಇದ್ದರೂ ನಿಯಮದ ಮೇಲಿನ ಗೌರವ ಅಂದೇ ಹೋಗುತ್ತದೆ. ಒಂದು ಪಾಯಿಂಟನ್ನು ಮಾತ್ರ ತುರ್ತಿಗೆಂದು, ಆಸ್ಪತ್ರೆಗೋ ಊರಿಗೋ ಹಠಾತ್ತನೆ ಹೊರಡಬೇಕಾದವರಿಗೆಂದು, ಪಾಳಿಯ ಪಟ್ಟಿಯಿಂದ ಹೊರಗಿಡಿ.

ಚಾರ್ಜ್ ಮುಗಿದ ಮೇಲೂ ಗನ್ ಬಿಡದವರದೇ ಎಲ್ಲ ಕಡೆಯ ದೂರು. ಟೈಪ್ 2 ಗನ್ ಕಾರಿಗೆ ಲಾಕ್ ಆಗಿರುತ್ತದೆ, ಮಾಲೀಕರು ಕಾರು ತೆರೆಯದೆ ಬೇರೆಯವರು ಎಳೆದು ತೆಗೆಯಲಾಗದು. ಕೆಲವು ಕಾರುಗಳಲ್ಲಿ ಚಾರ್ಜ್ ಮುಗಿದೊಡನೆ ಲಾಕ್ ಬಿಡುವಂತೆ ಹೊಂದಿಸಬಹುದು. ಬಳಸುವವರೆಲ್ಲರೂ ತಮ್ಮ ಕಾರಿನಲ್ಲಿ ಇದನ್ನು ನೋಡಿಕೊಳ್ಳಲಿ. ಇದಕ್ಕೆಂದೇ ಒಂದು ವಾಟ್ಸ್‌ಆ್ಯಪ್ ಗುಂಪು ಇರಲಿ, ಮುಗಿದೊಡನೆ ‘ಎರಡನೇ ಪಾಯಿಂಟ್ ಖಾಲಿ’ ಎಂದು ಹಾಕುವ ರೂಢಿ ಬೆಳೆಯಲಿ. ಅರ್ಧ ಗಂಟೆ ಕಾಲಾವಕಾಶದ ನಂತರವೂ ಬಿಡದಿದ್ದರೆ ಗಂಟೆಗಿಷ್ಟು ಎಂದು ಕಾಯುವಿಕೆಯ ಶುಲ್ಕ ಬೀಳಲಿ. ಶುಲ್ಕ ಸಣ್ಣದಾಗಿದ್ದರೂ ಎಲ್ಲರಿಗೂ ಒಂದೇ ಆಗಿದ್ದರೆ ಅದು ಕೆಲಸ ಮಾಡುತ್ತದೆ. ಪೆಟ್ರೋಲ್ ಕಾರುಗಳು ಆ ಜಾಗದಲ್ಲಿ ನಿಲ್ಲದಂತೆ ನೆಲಕ್ಕೆ ಹಸಿರು ಬಣ್ಣ ಬಳಿಸಿ, ಕನ್ನಡದಲ್ಲಿ ದೊಡ್ಡದಾಗಿ ಬರೆಸಿ. ಹಸಿರು ನಂಬರ್ ಪ್ಲೇಟ್ ನೋಡಿ ಒಳಬಿಡುವಂತೆ ಕಾವಲುಗಾರರಿಗೆ ತಿಳಿಸಿದರೆ ವಾದವಿವಾದಕ್ಕೆ ಎಡೆಯಿರುವುದಿಲ್ಲ.

ಎಂಟನೆಯ ಹೆಜ್ಜೆ: ಸುರಕ್ಷತೆ

ಪ್ರತಿ ಪಾಯಿಂಟಿಗೂ ತನ್ನದೇ ಎಂಸಿಬಿ ಮತ್ತು 30 ಮಿಲಿಆಂಪಿಯರ್ ಸೋರಿಕೆಗೆ ಸಂಪರ್ಕ ಕಡಿಯುವ ಆರ್‌ಸಿಡಿ ಇರಬೇಕು. ಕಾರಿನ ಚಾರ್ಜಿಂಗ್‌ನಲ್ಲಿ ಡಿಸಿ ಸೋರಿಕೆಯೂ ಆಗಬಹುದಾದ್ದರಿಂದ, ಮನೆಯಲ್ಲಿ ಹಾಕುವ ಸಾಧಾರಣ ಆರ್‌ಸಿಡಿ ಸಾಲದು. ಟೈಪ್ ಬಿ ಆರ್‌ಸಿಡಿ, ಇಲ್ಲವೇ 6 ಮಿಲಿಆಂಪಿಯರ್ ಡಿಸಿ ಸೋರಿಕೆ ಗುರುತಿಸುವ ಸಾಧನ ಇರುವ ಚಾರ್ಜರ್ ಜೊತೆಗೆ ಟೈಪ್ ಎ ಆರ್‌ಸಿಡಿ ಬೇಕು. ಅರ್ಥಿಂಗ್ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ವೋಲ್ಟೇಜ್ ಹೆಚ್ಚಿದ್ದರೆ ಹಲವು ಕಾರುಗಳು ಚಾರ್ಜ್ ಆಗಲು ಒಪ್ಪುವುದೇ ಇಲ್ಲ. ಯಂತ್ರ ಕೆಟ್ಟಿದೆಯೆಂದು ವಾರಗಟ್ಟಲೆ ದೂರು ಬರೆದು ಕೊನೆಗೆ ಅರ್ಥ್ ಗುಂಡಿ ಒಣಗಿದ್ದು ಕಾರಣವೆಂದು ತಿಳಿದ ಕಚೇರಿಯೊಂದನ್ನು ನಾನು ಬಲ್ಲೆ. ಗುಡುಗು ಸಿಡಿಲಿನ ಕಾಲಕ್ಕೆ ಸರ್ಜ್ ರಕ್ಷಕವೂ ಇರಲಿ.

ಎಲ್ಲ ಚಾರ್ಜರ್‌ಗಳ ಸಂಪರ್ಕವನ್ನು ಒಮ್ಮೆಗೇ ಕಡಿಯುವ ಕೆಂಪು ಗುಂಡಿಯೊಂದು ಎಲ್ಲರ ಕಣ್ಣಿಗೆ ಬೀಳುವ ಕಡೆ ಇರಬೇಕು, ಅದನ್ನು ಯಾವಾಗ ಒತ್ತಬೇಕೆಂಬುದು ಮೂರೂ ಪಾಳಿಯ ಕಾವಲುಗಾರರಿಗೆ ಗೊತ್ತಿರಬೇಕು. ಬ್ಯಾಟರಿಗೆ ಬೆಂಕಿ ತಗುಲಿದರೆ ಸಣ್ಣ ಅಗ್ನಿಶಾಮಕ ಸಿಲಿಂಡರಿನಿಂದ ಅದು ಆರುವುದಿಲ್ಲ, ದೀರ್ಘಕಾಲ ಬಹಳ ನೀರು ಬೇಕಾಗುತ್ತದೆ. ಆದ್ದರಿಂದ ಕಾವಲುಗಾರರ ಕೆಲಸ ಮೊದಲು ಗುಂಡಿ ಒತ್ತುವುದು, ಜನರನ್ನು ಹೊರಗೆ ಕಳುಹಿಸುವುದು, ಅಗ್ನಿಶಾಮಕ ದಳಕ್ಕೆ ಕರೆ ಮಾಡುವುದು, ಇಷ್ಟೇ ಎಂದು ಸ್ಪಷ್ಟವಾಗಿ ಹೇಳಿಕೊಡಿ. ತಿಂಗಳಿಗೊಮ್ಮೆ ಆರ್‌ಸಿಡಿಯ ಪರೀಕ್ಷಾ ಗುಂಡಿ ಒತ್ತಿ ನೋಡಿ, ಗನ್ನಿನ ಪಿನ್ನುಗಳು ಕಪ್ಪಾಗಿವೆಯೇ ಎಂದು ಪರಿಶೀಲಿಸಿ. ಗನ್ನು ನೆಲದ ಮೇಲೆ ಬಿದ್ದಿರಬಾರದು. ಒಂದೇ ಒಂದು ಕಾರು ಹತ್ತಿದರೂ ಅದು ಒಡೆಯುತ್ತದೆ.

ಆರಂಭಿಸಿದ ಮೇಲೆ

ನಾಲ್ಕು ಪಾಯಿಂಟುಗಳೊಂದಿಗೆ ಮೂರು ತಿಂಗಳು ಪ್ರಯೋಗವಾಗಿ ನಡೆಸಿ. ಆ ಅವಧಿಯಲ್ಲಿ ಮೂರು ಸಂಗತಿಗಳನ್ನು ಪ್ರತಿ ವಾರ ಬರೆದಿಡಿ: ಪಾಯಿಂಟುಗಳು ದಿನಕ್ಕೆ ಎಷ್ಟು ಗಂಟೆ ನಿಜವಾಗಿ ವಿದ್ಯುತ್ ಕೊಟ್ಟವು, ಚಾರ್ಜ್ ಮುಗಿದ ಮೇಲೂ ಎಷ್ಟು ಗಂಟೆ ಸುಮ್ಮನೆ ಸಿಕ್ಕಿಕೊಂಡಿದ್ದವು, ಪಾಳಿ ಕೇಳಿ ಸಿಗದೆ ಹೋದವರೆಷ್ಟು. ಎರಡನೆಯ ಅಂಕಿ ದೊಡ್ಡದಿದ್ದರೆ ಹೊಸ ಯಂತ್ರ ಕೊಳ್ಳುವ ಮುನ್ನ ನಿಯಮವನ್ನು ಬಿಗಿ ಮಾಡಿ. ಅದು ಚಿಕ್ಕದಾಗಿದ್ದೂ ಮೂರನೆಯದು ವಾರದಿಂದ ವಾರಕ್ಕೆ ಏರುತ್ತಿದ್ದರೆ ಆಗ, ಮೊದಲೇ ಹಾಕಿಟ್ಟ ಪೈಪುಗಳಲ್ಲಿ ಕೇಬಲ್ ಎಳೆದು, ಇನ್ನೆರಡು ಪಾಯಿಂಟುಗಳನ್ನು ಸೇರಿಸಿ.